ಮನೆಯಿಂದ ಕಾರ್ಖಾನೆಗೆ: ಪಾದರಕ್ಷೆಯ ಉದ್ಯಮಿ ವಿಲಿಯಂ ಕ್ಲಾರ್ಕ್ ಮತ್ತು ಅವರ ಕುಟುಂಬ

ಇಂಗ್ಲೆಂಡಿನ ನೈಋತ್ಯ ಭಾಗದ ಸಾಮರ್‌ಸೆಟ್ ಪ್ರಾಂತದಲ್ಲಿ, ಗ್ಲಾಸ್ಟನ್‌ಬರಿ ಪಟ್ಟಣದ ಸಮೀಪ, ಸ್ಟ್ರೀಟ್ ಎಂಬ ಊರಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅದು ಒಂದು ಸಣ್ಣ ಹಳ್ಳಿ. ಶತಮಾನ ಮುಗಿಯುವ ವೇಳೆಗೆ ಅಲ್ಲಿ ತಯಾರಾದ ಪಾದರಕ್ಷೆಗಳು ಸಮುದ್ರ ದಾಟಿ ಹೋಗುತ್ತಿದ್ದವು. ಈ ಬದಲಾವಣೆಗೆ ಕಾರಣವಾದ ಕ್ಲಾರ್ಕ್ ಮನೆತನದ ಹೆಸರು ಇಂದಿಗೂ ಒಂದು ಪ್ರಸಿದ್ಧ ಪಾದರಕ್ಷೆಯ ಮುದ್ರೆಯಾಗಿ ಉಳಿದಿದೆ. ಆದರೆ ಈ ಮನೆತನದ ಕಥೆಯನ್ನು ಕೇವಲ ವ್ಯಾಪಾರದ ಯಶಸ್ಸಿನ ಕಥೆಯಾಗಿ ಓದಿದರೆ ಅದರ ಅರ್ಧ ಭಾಗವಷ್ಟೇ ದೊರೆಯುತ್ತದೆ. ಮನೆಯಲ್ಲಿ ಎಲ್ಲರೂ ಕೂಡಿ ಮಾಡುತ್ತಿದ್ದ ಕಸುಬನ್ನು ಕಾರ್ಖಾನೆಯ ಛಾವಣಿಯ ಕೆಳಗೆ ತಂದ ಉದ್ಯಮಿಯ ಮಗಳೇ ಮುಂದೆ, ಅಂಥ ಸ್ಥಳಾಂತರದಿಂದ ಹೆಣ್ಣು ಏನನ್ನು ಕಳೆದುಕೊಂಡಳು ಎಂಬ ಪ್ರಶ್ನೆಯನ್ನು ಚರಿತ್ರೆಯ ಮುಂದಿಟ್ಟಳು. ತಂದೆಯ ಉದ್ಯಮವನ್ನೂ ಮಗಳ ಪ್ರಶ್ನೆಯನ್ನೂ ಜೊತೆಯಲ್ಲಿಟ್ಟು ನೋಡಿದಾಗ ಮಾತ್ರ ಈ ಕುಟುಂಬದ ಚರಿತ್ರೆ ಪೂರ್ಣವಾಗುತ್ತದೆ.

ತುಂಡು ತೊಗಲಿನಿಂದ ಹುಟ್ಟಿದ ಉದ್ಯಮ

ಕ್ಲಾರ್ಕ್ ಮನೆತನದವರು ಕ್ವೇಕರ್ ಪಂಥಕ್ಕೆ ಸೇರಿದವರು. ಹದಿನೇಳನೆಯ ಶತಮಾನದಲ್ಲಿ ಹುಟ್ಟಿದ ಈ ಕ್ರೈಸ್ತ ಪಂಥದಲ್ಲಿ ಪುರೋಹಿತರಿಲ್ಲ, ವಿಧಿವಿಧಾನಗಳ ಆಡಂಬರವಿಲ್ಲ. ಪ್ರತಿಯೊಬ್ಬರ ಅಂತರಂಗದಲ್ಲಿಯೂ ದೈವದ ಬೆಳಕಿದೆ ಎಂಬುದು ಅವರ ಮೂಲ ನಂಬಿಕೆ. ಅವರು ಆಣೆ ಇಡುವುದಿಲ್ಲ, ಯುದ್ಧವನ್ನು ಒಪ್ಪುವುದಿಲ್ಲ. ಪ್ರಾರ್ಥನಾ ಸಭೆಯಲ್ಲಿ ಗಂಡಸಿನಂತೆ ಹೆಂಗಸೂ ಎದ್ದು ಮಾತನಾಡಬಹುದು. ಅಧಿಕೃತ ಚರ್ಚಿಗೆ ಸೇರದ ಕಾರಣ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಪದವಿಗಳು ಬಹುಕಾಲ ಅವರಿಗೆ ದೊರೆಯುತ್ತಿರಲಿಲ್ಲ. ಹೀಗಾಗಿ ಅವರಲ್ಲಿ ಅನೇಕರು ವ್ಯಾಪಾರ ಮತ್ತು ಕೈಗಾರಿಕೆಗಳ ಕಡೆಗೆ ಹೊರಳಿದರು. ಚಾಕೊಲೇಟಿನ ಫ್ರೈ, ಕ್ಯಾಡ್‌ಬರಿ, ರೌಂಟ್ರಿ ಮನೆತನಗಳೂ, ಬಾರ್ಕ್ಲೇಸ್ ಮತ್ತು ಲಾಯ್ಡ್ಸ್ ಬ್ಯಾಂಕುಗಳ ಮೂಲಪುರುಷರೂ ಇದೇ ಪಂಥದವರು.

ಸೈರಸ್ ಕ್ಲಾರ್ಕ್ ಹುಟ್ಟಿದ್ದು 1801ರಲ್ಲಿ. ಕುರಿಯ ತೊಗಲಿನಿಂದ ಉಣ್ಣೆಯನ್ನು ಬೇರ್ಪಡಿಸುವ ಮತ್ತು ತೊಗಲನ್ನು ಹದಮಾಡುವ ವ್ಯವಹಾರದಲ್ಲಿ ಕೆಲಕಾಲ ಬಂಧುವೊಬ್ಬರ ಪಾಲುದಾರರಾಗಿದ್ದ ಅವರು 1825ರಲ್ಲಿ ಸ್ವತಂತ್ರವಾಗಿ, ಉಣ್ಣೆಸಹಿತವಾದ ಕುರಿದೊಗಲಿನಿಂದ ನೆಲದ ಹಾಸುಗಳನ್ನು ತಯಾರಿಸತೊಡಗಿದರು. ಅವರಿಗಿಂತ ಹತ್ತು ವರ್ಷ ಚಿಕ್ಕವರಾದ ತಮ್ಮ ಜೇಮ್ಸ್ 1828ರಲ್ಲಿ ಅಣ್ಣನ ಬಳಿ ಕೆಲಸ ಕಲಿಯಲು ಸೇರಿದರು. ಹಾಸಿಗೆ ಒದಗದ, ಮೋಟು ಉಣ್ಣೆಯ ತೊಗಲುಗಳೂ ಕತ್ತರಿಸಿ ಉಳಿದ ತುಂಡುಗಳೂ ವ್ಯರ್ಥವಾಗುತ್ತಿದ್ದುದನ್ನು ಕಂಡ ಜೇಮ್ಸ್, ಅವುಗಳಿಂದ ಮನೆಯೊಳಗೆ ಮೆಟ್ಟುವ ಬೆಚ್ಚನೆಯ ಸ್ಲಿಪ್ಪರುಗಳನ್ನು ಹೊಲಿಸಿದರು. ‘ಬ್ರೌನ್ ಪೀಟರ್’ ಎಂದು ಹೆಸರಾದ ಈ ಸ್ಲಿಪ್ಪರುಗಳು ಹಾಸುಗಳನ್ನೇ ಮೀರಿಸುವಂತೆ ಮಾರಾಟವಾದವು. 1833ರಲ್ಲಿ ಜೇಮ್ಸ್ ಅಣ್ಣನ ಪಾಲುದಾರರಾದರು, ವ್ಯವಹಾರಕ್ಕೆ ಸಿ. ಅಂಡ್ ಜೆ. ಕ್ಲಾರ್ಕ್ ಎಂಬ ಹೆಸರು ಬಂದಿತು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಈ ಸಂಸ್ಥೆಗೆ ಎರಡು ಪದಕಗಳು ಬಂದವು.

ಮನೆಯೇ ಕಾರ್ಯಾಗಾರವಾಗಿದ್ದ ಕಾಲ

ಈ ಹಂತದಲ್ಲಿ ‘ಕಾರ್ಖಾನೆ’ ಎಂಬ ಮಾತಿಗೆ ಇಂದಿನ ಅರ್ಥವಿರಲಿಲ್ಲ. ಸಂಸ್ಥೆಯ ಕಟ್ಟಡದಲ್ಲಿ ನಡೆಯುತ್ತಿದ್ದುದು ಮುಖ್ಯವಾಗಿ ಚರ್ಮವನ್ನು ಅಳತೆಗೆ ಕತ್ತರಿಸುವ ಕೆಲಸ. ಚರ್ಮ ಬೆಲೆಬಾಳುವ ವಸ್ತು; ಕತ್ತರಿಸುವ ಕೈ ತಪ್ಪಿದರೆ ನಷ್ಟ ಮಾಲೀಕನದು. ಆದುದರಿಂದ ಅದನ್ನು ಅವನು ತನ್ನ ಕಣ್ಣೆದುರಿಗೇ ಮಾಡಿಸುತ್ತಿದ್ದ. ಕತ್ತರಿಸಿದ ಭಾಗಗಳು ಅಲ್ಲಿಂದ ಸುತ್ತಲಿನ ಮನೆಗಳಿಗೆ ಹೋಗುತ್ತಿದ್ದವು. ಪಾದದ ಮೇಲ್ಭಾಗವನ್ನು ಮುಚ್ಚುವ ತೆಳು ಚರ್ಮದ ಹೊಲಿಗೆ ಹೆಂಗಸರದು. ಮರದ ಅಚ್ಚಿನ ಮೇಲೆ ಅದನ್ನು ಎಳೆದು ಬಿಗಿದು ಅಟ್ಟೆಯನ್ನು ಸೇರಿಸುವುದು ಗಂಡಸರದು. ದಾರಕ್ಕೆ ಮೇಣ ಹಚ್ಚುವಂಥ ಸಣ್ಣ ಕೆಲಸಗಳು ಮಕ್ಕಳದು. ಸಿದ್ಧವಾದ ಜೋಡುಗಳನ್ನು ಮರಳಿ ಒಪ್ಪಿಸಿ, ಜೋಡಿಗೆ ಇಷ್ಟೆಂದು ಕೂಲಿ ಪಡೆದು, ಮುಂದಿನ ವಾರದ ಚರ್ಮವನ್ನು ಹೊತ್ತುಕೊಂಡು ಹೋಗುವುದು ರೂಢಿ.

ಈ ವ್ಯವಸ್ಥೆಯನ್ನು ಸುಖದ ಕಾಲವೆಂದು ಬಣ್ಣಿಸುವಂತಿಲ್ಲ. ಇಕ್ಕಟ್ಟಾದ ಮನೆ, ಮಂದ ಬೆಳಕು, ಅಲ್ಪ ಕೂಲಿ, ಬೇಡಿಕೆ ಕುಸಿದಾಗ ಬರಿಗೈ, ಇವೆಲ್ಲವೂ ಅದರಲ್ಲಿದ್ದವು. ಆದರೆ ದುಡಿಮೆಯ ಹೊತ್ತು ದುಡಿಯುವವನ ಕೈಯಲ್ಲಿತ್ತು. ಇಂಗ್ಲೆಂಡಿನ ಪಾದರಕ್ಷೆಯ ಕಸುಬುದಾರರು ಭಾನುವಾರದ ಜೊತೆಗೆ ಸೋಮವಾರವನ್ನೂ ಬಿಡುವಾಗಿ ಕಳೆದು ಅದನ್ನು ‘ಸಂತ ಸೋಮವಾರ’ವೆಂದು ವಿನೋದದಿಂದ ಕರೆಯುತ್ತಿದ್ದರು; ವಾರದ ಕೊನೆಯಲ್ಲಿ ರಾತ್ರಿಯೆಲ್ಲ ಕೂತು ಬಾಕಿ ಕೆಲಸ ಮುಗಿಸುತ್ತಿದ್ದರು. ಇನ್ನೊಂದು ಮುಖ್ಯ ಸಂಗತಿಯೆಂದರೆ, ಮಗುವಿನ ತೊಟ್ಟಿಲು, ಒಲೆಯ ಮೇಲಿನ ಅಡುಗೆ, ಕೈಯಲ್ಲಿನ ಹೊಲಿಗೆ, ಈ ಮೂರೂ ಹೆಂಗಸಿನ ಪಾಲಿಗೆ ಒಂದೇ ಸೂರಿನಡಿ ಇದ್ದವು. ಹೊರೆ ಅವಳದೇ, ನಿಜ. ಆದರೆ ಕಸುಬಿನ ಒಂದು ಭಾಗವೂ ಅವಳದಾಗಿತ್ತು.

1863ರ ಬಿಕ್ಕಟ್ಟು

ಸೈರಸ್ ಮತ್ತು ಜೇಮ್ಸ್ ಹೊಸ ಸರಕನ್ನು ಕಲ್ಪಿಸುವುದರಲ್ಲಿ ನಿಪುಣರು. ಲೆಕ್ಕವಿಡುವುದರಲ್ಲಿ ಅಷ್ಟು ಬಿಗಿಯಾಗಿರಲಿಲ್ಲ. ಪೈಪೋಟಿ ಹೆಚ್ಚಿತು, ಮಾರುಕಟ್ಟೆ ಕುಸಿಯಿತು, ಸಾಲ ಬೆಳೆಯಿತು. 1863ರ ವೇಳೆಗೆ ಸಂಸ್ಥೆ ದಿವಾಳಿಯ ಅಂಚಿಗೆ ಬಂದಿತು. ಕ್ವೇಕರರ ಪಾಲಿಗೆ ದಿವಾಳಿ ಕೇವಲ ಹಣದ ನಷ್ಟವಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳಲಾರದವನು ಪಂಥದ ಸದಸ್ಯತ್ವವನ್ನೇ ಕಳೆದುಕೊಳ್ಳುವ ಸಂಭವವಿತ್ತು. ಹಾಗಾಗಿ ಕ್ಲಾರ್ಕ್ ಸಹೋದರರ ಮುಂದೆ ಇದ್ದದ್ದು ಮನೆ ಮಾರುವ ಭೀತಿ ಮಾತ್ರವಲ್ಲ. ಹುಟ್ಟಿ ಬೆಳೆದ ಸಮುದಾಯದಿಂದ ಹೊರಬೀಳುವ ಭೀತಿಯೂ ಹೌದು.

ಅದೇ ಸಮುದಾಯದ ಬಂಧುಮಿತ್ರರು ಸಾಲ ಕೊಟ್ಟು ಸಂಸ್ಥೆಯನ್ನು ಉಳಿಸಿದರು. ಆದರೆ ಅವರದೊಂದು ಷರತ್ತು: ಆಡಳಿತ ಹಿರಿಯರ ಕೈಯಿಂದ ಮುಂದಿನ ತಲೆಮಾರಿಗೆ ಹೋಗಬೇಕು. ಜೇಮ್ಸ್ ಮತ್ತು ಎಲಿನಾರ್ ದಂಪತಿಗಳ ಮಗ ವಿಲಿಯಂ ಸ್ಟೀಫನ್ಸ್ ಕ್ಲಾರ್ಕ್ ಆ ಹೊಣೆಯನ್ನು ಹೊತ್ತರು. ಅವರು ಹುಟ್ಟಿದ್ದು 1839ರಲ್ಲಿ. ಆಗಿನ್ನೂ ಇಪ್ಪತ್ತನಾಲ್ಕರ ಆಸುಪಾಸಿನ ತರುಣ. ಅವರ ಹೆಸರಿನ ನಡುವೆ ಇರುವ ‘ಸ್ಟೀಫನ್ಸ್’ ತಾಯಿಯ ತವರಿನ ಹೆಸರು. ಸೈರಸ್ 1866ರಲ್ಲಿ ತೀರಿಕೊಂಡರು. ಜೇಮ್ಸ್ 1906ರವರೆಗೆ ಬದುಕಿದ್ದು, ತಾವು ಮುಳುಗಿಸುವ ಹಂತಕ್ಕೆ ತಂದಿದ್ದ ವ್ಯವಹಾರವನ್ನು ಮಗ ಬೆಳೆಸಿದ್ದನ್ನು ಕಣ್ಣಾರೆ ಕಂಡರು.

ವಿಲಿಯಂ ಮಾಡಿದ ಸುಧಾರಣೆಗಳಲ್ಲಿ ಚಮತ್ಕಾರವೇನೂ ಇಲ್ಲ, ಶಿಸ್ತು ಇದೆ. ಲೆಕ್ಕಪತ್ರಗಳನ್ನು ಬಿಗಿಗೊಳಿಸಿದರು. ಮೂಲ ಕಸುಬಾದ ಕುರಿದೊಗಲಿನ ಹಾಸುಗಳ ವ್ಯವಹಾರವನ್ನು 1870ರಲ್ಲಿ ಕ್ಲಾರ್ಕ್, ಸನ್ ಅಂಡ್ ಮಾರ್ಲೆಂಡ್ ಎಂಬ ಬೇರೆ ಸಂಸ್ಥೆಯಾಗಿ ಪ್ರತ್ಯೇಕಿಸಲಾಯಿತು. ಇದರಿಂದ ಪಾದರಕ್ಷೆಯ ಮೇಲೆಯೇ ಗಮನವಿಡುವುದು ಸಾಧ್ಯವಾಯಿತು. 1883ರಲ್ಲಿ ಪಾದದ ಸಹಜ ಆಕಾರಕ್ಕೆ ಹೊಂದುವ ‘ಹೈಜೀನಿಕ್’ ಮಾದರಿಯ ಪಾದರಕ್ಷೆಗಳು ಹೊರಬಂದವು. ಅಂದಿನ ಚೂಪು ಮೂತಿಯ ಜೋಡುಗಳು ಬೆರಳುಗಳನ್ನು ಒತ್ತಿ ಪಾದವನ್ನು ವಿಕಾರಗೊಳಿಸುತ್ತಿದ್ದ ಕಾಲದಲ್ಲಿ ಇದು ನೋಟಕ್ಕಿಂತ ಆರೋಗ್ಯವನ್ನು ಮುಂದಿಟ್ಟ ಸರಕು.

ಯಂತ್ರದ ಪ್ರವೇಶ

ಇವೆಲ್ಲಕ್ಕಿಂತ ಆಳವಾದ ಬದಲಾವಣೆ ತಂದದ್ದು ಯಂತ್ರ. 1850ರ ದಶಕದಲ್ಲಿಯೇ ಸಿಂಗರ್ ಹೊಲಿಗೆ ಯಂತ್ರ ಸ್ಟ್ರೀಟ್‌ಗೆ ಬಂದಿತ್ತು. ಬಟ್ಟೆಗೆಂದು ರೂಪುಗೊಂಡ ಯಂತ್ರ ತೆಳು ಚರ್ಮಕ್ಕೂ ಒಗ್ಗಿಕೊಂಡಿತು. ಅಟ್ಟೆಯ ದಪ್ಪ ಚರ್ಮ ಮಾತ್ರ ಇನ್ನೂ ಕೈಗೇ ಉಳಿದಿತ್ತು. ಅಮೆರಿಕದ ಲೈಮನ್ ಬ್ಲೇಕ್ ಅಟ್ಟೆಯನ್ನೂ ಮೇಲ್ಭಾಗವನ್ನೂ ಸೇರಿಸಿ ಹೊಲಿಯುವ ಯಂತ್ರಕ್ಕೆ 1858ರಲ್ಲಿ ಹಕ್ಕುಪತ್ರ ಪಡೆದ ಮೇಲೆ ಆ ಕೋಟೆಯೂ ಒಡೆಯಿತು.

ಇಲ್ಲೊಂದು ಕ್ರಮವನ್ನು ಗಮನಿಸಬೇಕು. ಮೊದಲು ಯಂತ್ರಕ್ಕೆ ಒಳಪಟ್ಟದ್ದು ಹೆಂಗಸರು ಮಾಡುತ್ತಿದ್ದ ಮೇಲ್ಭಾಗದ ಹೊಲಿಗೆ. ಗಂಡಸರ ಅಟ್ಟೆಯ ಕೆಲಸಕ್ಕೆ ಯಂತ್ರ ಬಂದದ್ದು ಆಮೇಲೆ. ಬೆಲೆಬಾಳುವ ಯಂತ್ರಗಳು ಸಾಲಾಗಿ ಒಂದೆಡೆ ನಿಂತಾಗ, ಅವುಗಳನ್ನು ನಡೆಸುವ ಕೈಗಳೂ ಅಲ್ಲಿಗೇ ಬರಬೇಕಾಯಿತು. ಮನೆಯಲ್ಲಿ ತಾಯಿಯ ಪಕ್ಕದಲ್ಲಿ ಹೊಲಿಗೆ ಕಲಿಯುತ್ತಿದ್ದ ಹುಡುಗಿ ಈಗ ಕಾರ್ಖಾನೆಯ ಕೋಣೆಯಲ್ಲಿ ಯಂತ್ರದ ಮುಂದೆ ಕುಳಿತಳು. ಮನೆಮಕ್ಕಳಿದ್ದ ತಾಯಿಗೆ ಹಾಗೆ ಹೋಗಿ ಕೂರುವುದು ಕಷ್ಟವಾಯಿತು. ಸಂತ ಸೋಮವಾರದ ಸ್ಥಾನವನ್ನು ಕಾರ್ಖಾನೆಯ ಗಂಟೆ ಆಕ್ರಮಿಸಿತು. ಇಡೀ ಕುಟುಂಬದ ದುಡಿಮೆಗೆ ಒಟ್ಟಾಗಿ ಬರುತ್ತಿದ್ದ ಕೂಲಿ ಒಬ್ಬೊಬ್ಬರ ಹೆಸರಿನಲ್ಲಿ ಬೇರೆಬೇರೆಯಾಯಿತು. ಈ ಬದಲಾವಣೆ ಒಂದೇ ದಿನದಲ್ಲಿ ಆಗಲಿಲ್ಲ. ಮನೆಗೆಲಸಗಾರರೂ ಯಂತ್ರಶಾಲೆಯೂ ದಶಕಗಳ ಕಾಲ ಜೊತೆಜೊತೆಯಾಗಿ ನಡೆದರೂ, ಹೊರಳಿದ ದಿಕ್ಕು ಮಾತ್ರ ಹಿಂದಿರುಗಲಿಲ್ಲ.

ಕಾರ್ಖಾನೆ ಬೆಳೆದಂತೆ ಊರೂ ಅದರ ಸುತ್ತ ಬೆಳೆಯಿತು. ಕ್ಲಾರ್ಕ್ ಕುಟುಂಬ ಕೆಲಸಗಾರರಿಗೆ ಮನೆಗಳನ್ನು ಕಟ್ಟಿಸಿತು. 1885ರಲ್ಲಿ, ಚಮ್ಮಾರರ ರಕ್ಷಕ ಸಂತನೆಂದು ಯುರೋಪು ನಂಬಿದ ಕ್ರಿಸ್ಪಿನ್‌ನ ಹೆಸರಿನಲ್ಲಿ ಒಂದು ಸಭಾಭವನ ತಲೆಯೆತ್ತಿತು. ಉಪನ್ಯಾಸ, ಓದು, ಸಂಗೀತ, ಆಟಗಳಿಗೆ ಅದು ತಾಣವಾಯಿತು. ಕ್ವೇಕರರ ಪಾನವಿರೋಧದ ಫಲವಾಗಿ ಊರಿನ ಬೇರ್ ಇನ್ ಎಂಬ ತಂಗುಮನೆ ಮದ್ಯವಿಲ್ಲದ ತಾಣವಾಗಿ ಮಾರ್ಪಟ್ಟಿತು. ಇದರಲ್ಲಿ ಹಿತಚಿಂತನೆ ಇದ್ದುದು ಸತ್ಯ. ಆದರೆ ಕೂಲಿ ಕೊಡುವವರೂ, ಮನೆ ಕಟ್ಟಿಸುವವರೂ, ಸಂಜೆಯ ಹೊತ್ತನ್ನು ಹೇಗೆ ಕಳೆಯಬೇಕೆಂದು ಹೇಳುವವರೂ ಒಂದೇ ಮನೆತನದವರಾದಾಗ ಹಿತಚಿಂತನೆ ಹಿಡಿತವೂ ಆಗುತ್ತದೆ ಎಂಬುದು ಅಷ್ಟೇ ಸತ್ಯ.

ಮನೆಯ ಹೆಂಗಸರು

ಈ ಕುಟುಂಬದ ಹೆಂಗಸರು ಉದ್ಯಮದ ನೆರಳಿನಲ್ಲಿ ಕುಳಿತವರಲ್ಲ. ವಿಲಿಯಂ ಅವರ ತಾಯಿ ಎಲಿನಾರ್ 1853ರಿಂದ 1858ರವರೆಗೆ ಸ್ಟ್ರೀಟ್‌ನಲ್ಲಿ ಒಂದು ವಿಶಿಷ್ಟ ಬಟ್ಟೆಯಂಗಡಿಯನ್ನು ನಡೆಸಿದರು. ಗುಲಾಮರು ಬೆಳೆಯದ ಹತ್ತಿಯಿಂದ ನೆಯ್ದ ಬಟ್ಟೆಗಳು ಮಾತ್ರ ಅಲ್ಲಿ ದೊರೆಯುತ್ತಿದ್ದವು. ಆ ಕಾಲದಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯ ಬಹುಪಾಲು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರ ದುಡಿಮೆಯಿಂದ ಬೆಳೆದದ್ದು. ಉಡುವ ಬಟ್ಟೆಯ ಹಿಂದೆ ಯಾರ ಬೆವರಿದೆ ಎಂದು ಕೇಳುವ ಅಭ್ಯಾಸ ಹೀಗೆ ಈ ಮನೆಯಲ್ಲಿ ಮೊದಲೇ ಇತ್ತು.

1866ರಲ್ಲಿ ವಿಲಿಯಂ ಮದುವೆಯಾದದ್ದು ಹೆಲೆನ್ ಪ್ರೀಸ್ಟ್‌ಮನ್ ಬ್ರೈಟ್ ಅವರನ್ನು. ಹೆಲೆನ್ ಅವರ ತಂದೆ ಜಾನ್ ಬ್ರೈಟ್ ರಾಚ್‌ಡೇಲ್‌ನ ಹತ್ತಿಗಿರಣಿಯ ಒಡೆಯರು, ಕ್ವೇಕರರು, ಬ್ರಿಟಿಷ್ ಸಂಸತ್ತಿನ ಹೆಸರಾಂತ ವಾಗ್ಮಿ. ಭಾರತದ ಚರಿತ್ರೆಯನ್ನು ಓದುವವರಿಗೂ ಈ ಹೆಸರು ಹೊಸದಲ್ಲ. 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಕೊನೆಗೊಂಡು ಅಧಿಕಾರ ರಾಣಿಯ ಕೈಗೆ ಹೋಗುವ ಸಂದರ್ಭದಲ್ಲಿ, ಒಬ್ಬ ಗವರ್ನರ್ ಜನರಲ್‌ನ ಬದಲು ಸಮಾನ ಸ್ಥಾನದ ಐದು ಪ್ರಾಂತಗಳಾಗಿ ಭಾರತದ ಆಡಳಿತ ನಡೆಯಲಿ ಎಂದು ವಾದಿಸಿದವರು ಅವರು. ಅದಕ್ಕೂ ಮುನ್ನ, 1848ರಲ್ಲಿ, ಭಾರತದಲ್ಲಿ ಹತ್ತಿಯ ಬೆಳೆಯನ್ನು ಕುರಿತ ಸಂಸದೀಯ ಸಮಿತಿಗೆ ಅವರು ಅಧ್ಯಕ್ಷರಾಗಿದ್ದರು. ಅಮೆರಿಕದ ಹತ್ತಿಯನ್ನೇ ನೆಚ್ಚಿದ ಲ್ಯಾಂಕಷೈರ್ ಗಿರಣಿಗಳಿಗೆ ಬೇರೊಂದು ಮೂಲ ಬೇಕಿತ್ತು. ಅದೇ 1840ರ ದಶಕದಲ್ಲಿ ಧಾರವಾಡ ಸೀಮೆಯ ಕಪ್ಪುನೆಲದಲ್ಲಿ ಅಮೆರಿಕದ ತಳಿಯ ಹತ್ತಿಯನ್ನು ಬೆಳೆಯಿಸುವ ಪ್ರಯತ್ನಗಳು ನಡೆದಿದ್ದವು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ ಅಲ್ಲಿಯ ಹತ್ತಿಗೆ ಬೆಲೆ ಏರಿತು. ಸ್ಟ್ರೀಟ್ ಗ್ರಾಮದ ಬಟ್ಟೆಯಂಗಡಿಯ ನೈತಿಕ ಪ್ರಶ್ನೆ ಮತ್ತು ಕನ್ನಡ ನಾಡಿನ ರೈತನ ಹೊಲ, ಎರಡೂ ಅಮೆರಿಕದ ಹತ್ತಿಯೆಂಬ ಒಂದೇ ವಿಷಯಕ್ಕೆ ತಳುಕು ಹಾಕಿಕೊಂಡಿದ್ದವು.

ಹೆಲೆನ್ ತಂದೆಯ ನೆರಳಾಗಿ ಉಳಿಯಲಿಲ್ಲ. ಶ್ರಮಿಕ ಗಂಡಸರಿಗೆ ಮತದ ಹಕ್ಕು ಬೇಕೆಂದು ದೇಶವನ್ನೇ ಅಲುಗಿಸಿದ ಜಾನ್ ಬ್ರೈಟ್ ಹೆಣ್ಣಿಗೆ ಅದೇ ಹಕ್ಕು ಕೊಡುವ ಮಾತು ಬಂದಾಗ ವಿರೋಧಿಯಾದರು. 1883ರಲ್ಲಿ ಲೀಡ್ಸ್ ನಗರದಲ್ಲಿ ಲಿಬರಲ್ ಸಂಘಗಳ ಸಮಾವೇಶ ನಡೆದಾಗ, ಹೆಲೆನ್ ತಂದೆಯ ಸಮ್ಮುಖದಲ್ಲಿಯೇ ಎದ್ದು ಮಹಿಳಾ ಮತಾಧಿಕಾರದ ಪರವಾಗಿ ಮಾತನಾಡಿದರು. ಸಮಾವೇಶ ಅವರ ಪಕ್ಷದ ನಿರ್ಣಯವನ್ನೇ ಅಂಗೀಕರಿಸಿತು. ಬಿಡುಗಡೆಯ ಮಾತನ್ನು ತಂದೆ ಯಾವ ಗೆರೆಯಲ್ಲಿ ನಿಲ್ಲಿಸಿದರೋ ಮಗಳು ಅಲ್ಲಿಂದ ಮುಂದಕ್ಕೆ ಒಯ್ದಳು. ಮುಂದಿನ ತಲೆಮಾರಿನಲ್ಲಿಯೂ ಇಂಥದೇ ಒಂದು ಘಟ್ಟ ಕಾದಿತ್ತು.

ಆಲಿಸ್ ಕೇಳಿದ ಪ್ರಶ್ನೆ

ವಿಲಿಯಂ ಮತ್ತು ಹೆಲೆನ್ ದಂಪತಿಗಳಿಗೆ ಆರು ಮಕ್ಕಳು. ಜಾನ್ ಬ್ರೈಟ್ ಕ್ಲಾರ್ಕ್ ಮತ್ತು ರಾಜರ್ ಎಂಬ ಗಂಡುಮಕ್ಕಳು ಉದ್ಯಮವನ್ನು ಮುಂದುವರಿಸಿದರು. ಎಸ್ತರ್, ಆಲಿಸ್, ಮಾರ್ಗರೆಟ್, ಹಿಲ್ಡಾ ಹೆಣ್ಣುಮಕ್ಕಳು. ಕಿರಿಯವರಾದ ಹಿಲ್ಡಾ ವೈದ್ಯೆಯಾಗಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿಯೂ ಯುದ್ಧಾನಂತರ ಹಸಿವಿನಿಂದ ಬಳಲುತ್ತಿದ್ದ ವಿಯೆನ್ನಾ ನಗರದಲ್ಲಿಯೂ ಕ್ವೇಕರರ ಪರಿಹಾರ ಕಾರ್ಯದಲ್ಲಿ ದುಡಿದರು.

1874ರಲ್ಲಿ ಹುಟ್ಟಿದ ಆಲಿಸ್ ಆಯ್ದದ್ದು ಕಾರ್ಖಾನೆಯನ್ನು. ಉದ್ಯಮಿಯ ಮಗಳಾದರೂ ಅವರು ಕೆಲಸವನ್ನು ವಿಭಾಗ ವಿಭಾಗವಾಗಿ ಕಲಿತರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಂಸ್ಥೆ ಸೀಮಿತ ಹೊಣೆಯ ಕಂಪನಿಯಾದ ಬಳಿಕ ಅದರ ನಿರ್ದೇಶಕರಲ್ಲೊಬ್ಬರಾದರು. ಮಹಿಳಾ ಮತಾಧಿಕಾರದ ಚಳವಳಿಯಲ್ಲಿಯೂ ದುಡಿದರು. ಕ್ಷಯರೋಗದಿಂದ ನಡುವೆ ಬಳಲಿದರು. ಮೂವತ್ತೆಂಟು ದಾಟಿದ ಮೇಲೆ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧನಾ ವೇತನ ಪಡೆದು ಚರಿತ್ರೆಯ ಅಧ್ಯಯನಕ್ಕೆ ತೊಡಗಿದರು. 1919ರಲ್ಲಿ ಪ್ರಕಟವಾದ, ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಹೆಂಗಸರ ದುಡಿಮೆಯನ್ನು ಕುರಿತ ಅವರ ಗ್ರಂಥ ಆ ಅಧ್ಯಯನದ ಫಲ.

ಗ್ರಂಥದ ವಾದವನ್ನು ಸರಳವಾಗಿ ಹೀಗೆ ಹೇಳಬಹುದು. ಉತ್ಪಾದನೆಯಲ್ಲಿ ಮೂರು ಬಗೆಗಳಿವೆ. ಮನೆಯವರ ಬಳಕೆಗೆಂದೇ ಮನೆಯಲ್ಲಿ ಮಾಡಿಕೊಳ್ಳುವುದು ಗೃಹೋತ್ಪಾದನೆ. ಮನೆಯವರೆಲ್ಲ ಸೇರಿ ಮಾರಾಟಕ್ಕಾಗಿ ಮಾಡುವುದು ಕುಟುಂಬೋದ್ಯಮ. ಇದರಲ್ಲಿ ಬಂಡವಾಳವೂ ದುಡಿಮೆಯೂ ಒಂದೇ ಮನೆಯವು. ಬಂದ ಹಣ ಇಡೀ ಕುಟುಂಬದ್ದು. ಬಂಡವಾಳದ ಒಡೆಯನೇ ಬೇರೆ, ಕೂಲಿಗೆ ದುಡಿಯುವವನೇ ಬೇರೆ ಆಗುವುದು ಬಂಡವಾಳಶಾಹಿ ಉದ್ಯಮ. ಎರಡನೆಯ ಬಗೆಯಲ್ಲಿ ಹೆಂಡತಿ ಕಸುಬಿನ ಪಾಲುದಾರಳು. ಗಂಡ ಸತ್ತರೆ ಅದನ್ನು ತಾನೇ ನಡೆಸಬಲ್ಲವಳು. ಮೂರನೆಯ ಬಗೆಯಲ್ಲಿ ಗಂಡ ದುಡಿಯಲು ಮನೆಯ ಹೊರಗೆ ಹೋಗುತ್ತಾನೆ, ಕೂಲಿ ಅವನೊಬ್ಬನ ಹೆಸರಿಗೆ ಬರುತ್ತದೆ. ಹೆಂಡತಿ ಒಂದೋ ಅಗ್ಗದ ಕೂಲಿಯಾಳಾಗುತ್ತಾಳೆ, ಇಲ್ಲವೇ ಕಸುಬಿನಿಂದ ದೂರವಾಗಿ ಗಂಡನ ಗಳಿಕೆಯನ್ನೇ ನೆಚ್ಚುವವಳಾಗುತ್ತಾಳೆ. ಹೆಣ್ಣಿನ ದುಡಿಮೆಗೆ ಬೆಲೆ ಕಡಿಮೆಯಾದದ್ದು ಅವಳ ಸ್ವಭಾವದಿಂದಲ್ಲ, ದುಡಿಮೆ ಮನೆಯಿಂದ ಬೇರ್ಪಟ್ಟ ಬಗೆಯಿಂದ ಎಂಬುದು ಆಲಿಸ್ ಅವರ ತೀರ್ಮಾನದ ತಿರುಳು. ಕೃಷಿ, ನೇಯ್ಗೆ, ಕುಶಲ ಕಸುಬುಗಳು, ವೃತ್ತಿಗಳು ಎಂದು ಕ್ಷೇತ್ರವಾರು ಆಧಾರಗಳನ್ನು ಕಲೆಹಾಕಿ ಅವರು ಇದನ್ನು ಪ್ರತಿಪಾದಿಸಿದರು.

ಮುಂದಿನ ಚರಿತ್ರಕಾರರು ಈ ವಾದವನ್ನು ಇಡಿಯಾಗಿ ಒಪ್ಪಲಿಲ್ಲ. ಕುಟುಂಬೋದ್ಯಮದ ಕಾಲವನ್ನು ಆಲಿಸ್ ಅಗತ್ಯಕ್ಕಿಂತ ಚೆಲುವಾಗಿ ಚಿತ್ರಿಸಿದ್ದಾರೆ, ಗಂಡಿನ ಯಜಮಾನಿಕೆ ಬಂಡವಾಳಕ್ಕಿಂತ ಹಳೆಯದು ಎಂಬ ಆಕ್ಷೇಪಗಳು ಬಂದವು. ಅವು ನ್ಯಾಯವಾದ ಆಕ್ಷೇಪಗಳೇ. ಆದರೂ ಹೆಂಗಸರ ದುಡಿಮೆ ಸಂಶೋಧನೆಗೆ ತಕ್ಕ ವಿಷಯವೆಂದು ಸ್ಥಾಪಿಸಿದ ಮೊದಲ ಗ್ರಂಥಗಳಲ್ಲಿ ಇದೂ ಒಂದಾಗಿ ಉಳಿದಿದೆ. ಮತ್ತೆ ಮತ್ತೆ ಮುದ್ರಣಗೊಂಡಿದೆ.

ಗ್ರಂಥದ ವಸ್ತು ಹದಿನೇಳನೆಯ ಶತಮಾನ. ಸ್ಟ್ರೀಟ್ ಗ್ರಾಮದ ಕಾರ್ಖಾನೆಯಲ್ಲ. ಆದರೆ ಅದನ್ನು ಬರೆದವರು ಅಂಥದೇ ಸ್ಥಳಾಂತರ ತಮ್ಮ ತಂದೆಯ ಕಾಲದಲ್ಲಿ ನಡೆದ ಊರಿನಲ್ಲಿ ಬೆಳೆದವರು, ಯಂತ್ರಗಳ ನಡುವೆ ಹೆಂಗಸರ ಜೊತೆ ನಿಂತು ಕೆಲಸ ಕಲಿತವರು, ಲಾಭದಲ್ಲಿ ಪಾಲುಳ್ಳವರು. ದಫ್ತರಗಳಲ್ಲಿ ಹುಡುಕುವುದಕ್ಕೆ ಮೊದಲೇ ಅವರಿಗೆ ಪ್ರಶ್ನೆ ಕಣ್ಣೆದುರಿಗಿತ್ತು. ಅಧ್ಯಯನ ಮುಗಿದ ಮೇಲೆ ಅವರು ಕಾರ್ಖಾನೆಯನ್ನು ತೊರೆಯಲಿಲ್ಲ, ಅಲ್ಲಿಗೇ ಮರಳಿದರು. 1934ರಲ್ಲಿ ತೀರಿಕೊಂಡರು.

ಉಳಿದ ಮಾತು

ವಿಲಿಯಂ 1925ರಲ್ಲಿಯೂ ಹೆಲೆನ್ 1927ರಲ್ಲಿಯೂ ಕಾಲವಾದರು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಪಾದರಕ್ಷೆಯ ತಯಾರಿಕೆ ಇಂಗ್ಲೆಂಡಿನಿಂದ ಅಗ್ಗದ ಕೂಲಿಯ ದೇಶಗಳಿಗೆ ಸಾಗಿತು. ಸ್ಟ್ರೀಟ್‌ನ ಹಳೆಯ ಕಾರ್ಖಾನೆಯ ಆವರಣ 1993ರಲ್ಲಿ ಅಂಗಡಿಗಳ ಸಂಕೀರ್ಣವಾಯಿತು. 2021ರಲ್ಲಿ ಸಂಸ್ಥೆಯ ಬಹುಪಾಲು ಒಡೆತನವೂ ಕುಟುಂಬದ ಕೈಬಿಟ್ಟಿತು. ಒಂದು ಕಾಲಕ್ಕೆ ಮನೆಯಿಂದ ಕಾರ್ಖಾನೆಗೆ ಹೋದ ಕೆಲಸ ಈಗ ಕಾರ್ಖಾನೆಯಿಂದ ಕಣ್ಣಿಗೆ ಕಾಣದಷ್ಟು ದೂರಕ್ಕೆ ಹೋಯಿತು.

ವಿಲಿಯಂ ಕ್ಲಾರ್ಕ್ ಕೆಟ್ಟ ಉದ್ಯಮಿಯಾಗಿರಲಿಲ್ಲ. ತಮ್ಮ ಕಾಲದ ಒಳ್ಳೆಯ ಉದ್ಯಮಿಗಳಲ್ಲಿ ಒಬ್ಬರು. ಸಾಲ ತೀರಿಸಿದರು, ಊರು ಕಟ್ಟಿದರು, ಮಗಳಿಗೆ ಕಾರ್ಖಾನೆಯ ಬಾಗಿಲನ್ನು ತೆರೆದರು. ಆಲಿಸ್ ಅವರ ಪ್ರಶ್ನೆಗೆ ತೂಕ ಬರುವುದು ಈ ಕಾರಣದಿಂದಲೇ. ಒಳ್ಳೆಯ ಒಡೆಯನಿದ್ದಲ್ಲಿಯೂ ಉತ್ಪಾದನೆಯ ಕ್ರಮ ಬದಲಾದಾಗ ಮನೆಯೊಳಗಿನ ಸಂಬಂಧಗಳು ಬದಲಾಗುತ್ತವೆ. ವ್ಯಕ್ತಿಯ ಸದ್ಗುಣ ಅದನ್ನು ಮೃದುವಾಗಿಸೀತೇ ಹೊರತು ತಡೆಯಲಾರದು. ಸಾಹಿತ್ಯವನ್ನು ಅಭ್ಯಸಿಸುವವರು ‘ಕುಟುಂಬ’, ‘ಗೃಹಿಣಿ’, ‘ಕಸುಬು’ ಎಂಬ ಮಾತುಗಳನ್ನು ಎಲ್ಲ ಕಾಲಕ್ಕೂ ಒಂದೇ ಅರ್ಥದವೆಂದು ಓದಿಬಿಡುವ ಅಪಾಯವಿದೆ. ಒಂದು ಮನೆಯಲ್ಲಿ ಯಾರು ಏನನ್ನು ಮಾಡುತ್ತಿದ್ದರು, ಕೂಲಿ ಯಾರ ಕೈ ಸೇರುತ್ತಿತ್ತು ಎಂದು ವಿಚಾರಿಸಿದಾಗ ಆ ಮಾತುಗಳ ಅರ್ಥ ಕಾಲಕಾಲಕ್ಕೆ ಬೇರೆಯಾಗಿ ಕಾಣುತ್ತದೆ. ಕ್ಲಾರ್ಕ್ ಕುಟುಂಬದ ಚರಿತ್ರೆ ಕಲಿಸುವ ಓದಿನ ಕ್ರಮ ಇದು.